ಅರಿವಿಗೆ ಬಾರದ ಸಕ್ಕರೆಯ ಇಳಿತ

ಕೆಲವು ವರ್ಷಗಳ ಹಿಂದೆ ಜಾತ್ರೆಯೊಂದರ ದಾಸೋಹದಲ್ಲಿ ನಾವು ಕಂಡ ಸಂಗತಿ ಇಂದಿಗೂ ಮನಸ್ಸಿನಿಂದ ಮರೆಯಾಗಿಲ್ಲ. ಮೂವತ್ತರ ಆಸುಪಾಸಿನ ಯುವಕನೊಬ್ಬ ಬೆಳಗಿನಿಂದಲೂ ನೀರು ಹೊರುತ್ತ, ಎಲೆ ಹಾಕುತ್ತ, ಬಡಿಸುತ್ತ ಓಡಾಡುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಅವನ ಮಾತು ತೊದಲತೊಡಗಿತು. ಕೈಯಲ್ಲಿದ್ದ ಸಾರಿನ ಬಕೆಟ್ಟನ್ನು ಎಲ್ಲಿಡಬೇಕೆಂಬುದು ತಿಳಿಯದೆ ನಡುದಾರಿಯಲ್ಲಿ ನಿಂತುಬಿಟ್ಟ. ಕುಳಿತುಕೋ ಎಂದವರ ಮೇಲೆ ರೇಗಿದ. ನನಗೇನೂ ಆಗಿಲ್ಲ ಎಂದು ಪದೇ ಪದೇ ಹೇಳಿದ. ಸುತ್ತ ನೆರೆದವರಲ್ಲಿ ಒಬ್ಬರು, "ಕುಡಿದು ಬಂದಿರಬೇಕು" ಎಂದೇಬಿಟ್ಟರು. ಅಷ್ಟರಲ್ಲಿ ಅವನ ತಾಯಿ ಓಡಿಬಂದು ಸಕ್ಕರೆ ಕಲಸಿದ ನೀರನ್ನು ಗದರಿಸಿ ಕುಡಿಸಿದರು. ಕಾಲು ಗಂಟೆಯಲ್ಲಿ ಅವನು ಮೊದಲಿನಂತಾದ. ನಡೆದದ್ದೇನೂ ಅವನ ನೆನಪಿನಲ್ಲಿರಲಿಲ್ಲ. ಅವನಿಗೆ ಬಾಲ್ಯದಿಂದಲೂ ಟೈಪ್ 1 ಮಧುಮೇಹವಿದೆಯೆಂದು ತಿಳಿಸಿದ ಆ ತಾಯಿ, "ಸಣ್ಣಾಂವ ಇದ್ದಾಗ ಕೈ ನಡಗಾಕ ಹತ್ತ್ಯಾವ ಅಂತ ತಾನ ಓಡಿ ಬರ್ತಿದ್ದ. ಈಗೀಗ ಅವಂಗ ಗೊತ್ತ ಆಗಂಗಿಲ್ರೀ" ಎಂದರು.

ಆ ಕೊನೆಯ ಮಾತಿನಲ್ಲಿ ಒಂದು ದೊಡ್ಡ ಅಪಾಯದ ಪೂರ್ಣ ವಿವರಣೆ ಅಡಗಿದೆ. ಸಕ್ಕರೆ ಇಳಿಯುವುದು ಒಂದು ಅಪಾಯ. ಇಳಿಯುತ್ತಿರುವುದು ಇಳಿಯುತ್ತಿರುವವರಿಗೇ ಗೊತ್ತಾಗದಿರುವುದು ಅದಕ್ಕಿಂತ ಹೆಚ್ಚಿನ ಅಪಾಯ. ಮಧುಮೇಹದ ಬಗ್ಗೆ ನಮ್ಮ ಮನೆಗಳಲ್ಲಿ ನಡೆಯುವ ಮಾತೆಲ್ಲ ಸಕ್ಕರೆ ಏರುವುದನ್ನು ಕುರಿತದ್ದು. ಇಳಿಯುವುದನ್ನು ಕುರಿತು, ಅದರಲ್ಲಿಯೂ ಸದ್ದಿಲ್ಲದೆ ಇಳಿಯುವುದನ್ನು ಕುರಿತು ಮಾತನಾಡುವವರು ವಿರಳ. ಈ ಮೌನ ಮುರಿಯಬೇಕೆಂಬುದು ಈ ಬರಹದ ಉದ್ದೇಶ.

ಟೈಪ್ 1 ಮಧುಮೇಹವು ಸಿಹಿ ತಿಂದು ಬರುವ ರೋಗವಲ್ಲ. ದೇಹದ ರೋಗನಿರೋಧಕ ಶಕ್ತಿಯೇ ದಾರಿತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶಮಾಡುವುದರಿಂದ ಅದು ಉಂಟಾಗುತ್ತದೆ. ಹೆಚ್ಚಾಗಿ ಬಾಲ್ಯದಲ್ಲಿ ಅಥವಾ ಹರೆಯದಲ್ಲಿ ಕಾಣಿಸಿಕೊಂಡರೂ ಯಾವ ವಯಸ್ಸಿನಲ್ಲಿಯೂ ಬರಬಹುದು. ಈ ರೋಗವುಳ್ಳ ಮಕ್ಕಳು ಅತಿ ಹೆಚ್ಚು ಸಂಖ್ಯೆಯಲ್ಲಿರುವ ದೇಶಗಳಲ್ಲಿ ಭಾರತವೂ ಒಂದು. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಬಾಲಕನಿಗೆ ಮೊದಲ ಬಾರಿಗೆ ಇನ್ಸುಲಿನ್ ಚುಚ್ಚುಮದ್ದು ನೀಡಲಾಯಿತು. ಅದಕ್ಕೆ ಮೊದಲು ಈ ರೋಗ ಬಂದ ಮಕ್ಕಳು ಬದುಕಿ ಉಳಿಯುತ್ತಿರಲಿಲ್ಲ. ಇಂದು ಅವರು ಓದಿ, ದುಡಿದು, ಸಂಸಾರ ಹೂಡಿ, ಮೊಮ್ಮಕ್ಕಳನ್ನು ಕಾಣುತ್ತಿದ್ದಾರೆ. ಆದರೆ ಹೊರಗಿನಿಂದ ಹಾಕಿಕೊಂಡ ಇನ್ಸುಲಿನ್ ಒಮ್ಮೆ ಮೈಯೊಳಗೆ ಸೇರಿದರೆ ಮರಳಿ ತೆಗೆಯಲು ಬರುವುದಿಲ್ಲ. ಊಟ ತಡವಾದರೂ, ಶ್ರಮ ಹೆಚ್ಚಾದರೂ ಅದು ತನ್ನ ಕೆಲಸವನ್ನು ಮಾಡುತ್ತಲೇ ಇರುತ್ತದೆ. ಪ್ರಾಣ ಉಳಿಸಿದ ಔಷಧವೇ ಅಳತೆ ತಪ್ಪಿದಾಗ ಪ್ರಾಣಕ್ಕೆ ಎರವಾಗಬಲ್ಲದು.

ರಕ್ತದಲ್ಲಿನ ಸಕ್ಕರೆಯ ಪ್ರಮಾಣ ಪ್ರತಿ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕಡಿಮೆಯಾದರೆ ಎಚ್ಚರವಹಿಸಬೇಕೆಂದು ವೈದ್ಯಶಾಸ್ತ್ರ ಹೇಳುತ್ತದೆ. 54ಕ್ಕಿಂತ ಕೆಳಗೆ ಹೋದರೆ ಅದು ಗಂಭೀರ. ತನಗೆ ತಾನೇ ಉಪಚಾರ ಮಾಡಿಕೊಳ್ಳಲಾಗದೆ ಇನ್ನೊಬ್ಬರ ನೆರವು ಬೇಕಾಗುವ ಸ್ಥಿತಿ ಬಂದರೆ, ಅಂಕಿ ಎಷ್ಟೇ ಇರಲಿ, ಅದನ್ನು ತೀವ್ರ ಇಳಿತವೆನ್ನುತ್ತಾರೆ. ದೇಹದ ತೂಕದಲ್ಲಿ ಶೇಕಡಾ 2ರಷ್ಟಿರುವ ಮೆದುಳು ವಿಶ್ರಾಂತಿಯಲ್ಲಿರುವ ದೇಹದ ಒಟ್ಟು ಶಕ್ತಿಯಲ್ಲಿ ಸುಮಾರು ಶೇಕಡಾ 20ರಷ್ಟನ್ನು ಬಳಸಿಕೊಳ್ಳುತ್ತದೆ. ಸಕ್ಕರೆಯನ್ನು ಕೂಡಿಟ್ಟುಕೊಳ್ಳುವ ಕಣಜ ಅದಕ್ಕಿಲ್ಲವೆಂದೇ ಹೇಳಬಹುದು. ಆದ್ದರಿಂದ ರಕ್ತದ ಸಕ್ಕರೆ ಇಳಿದಾಗ ಮೊದಲು ಮಂಕಾಗುವುದು ಬುದ್ಧಿ. ಮಾತು ತೊದಲುತ್ತದೆ, ಸಿಟ್ಟು ಬರುತ್ತದೆ, ವಿವೇಕ ಕುಂದುತ್ತದೆ. ಇನ್ನೂ ಇಳಿದರೆ ಮೂರ್ಛೆ, ಸೆಳವು, ಅಪರೂಪಕ್ಕೆ ಮರಣ.

ಇಂತಹ ಸಂಕಟ ಬರುವ ಮುನ್ನ ದೇಹವು ಸುಮ್ಮನಿರುವುದಿಲ್ಲ. ಆರೋಗ್ಯವಂತರಲ್ಲಿ ಸಕ್ಕರೆ ಇಳಿಯತೊಡಗಿದೊಡನೆ ಮೇದೋಜೀರಕ ಗ್ರಂಥಿ ತನ್ನ ಇನ್ಸುಲಿನ್ನನ್ನು ತಗ್ಗಿಸುತ್ತದೆ. ಅದು ಸಾಲದಾದರೆ ಗ್ಲುಕಗಾನ್ ಎಂಬ ಹಾರ್ಮೋನು ಹೊರಟು, ಯಕೃತ್ತಿನಲ್ಲಿ ಸಂಗ್ರಹವಾಗಿರುವ ಸಕ್ಕರೆಯನ್ನು ರಕ್ತಕ್ಕೆ ಬಿಡಿಸುತ್ತದೆ. ಅದರ ಜೊತೆಗೆ ಅಡ್ರಿನಲಿನ್ ಕೂಡ ನೆರವಿಗೆ ಬರುತ್ತದೆ. ಕೈ ನಡುಗುವುದು, ಎದೆ ಹೊಡೆದುಕೊಳ್ಳುವುದು, ತಣ್ಣನೆಯ ಬೆವರು, ತಡೆಯಲಾಗದ ಹಸಿವು ಇವೆಲ್ಲ ಆ ಹೊತ್ತಿನಲ್ಲಿ ದೇಹ ಬಾರಿಸುವ ಎಚ್ಚರಿಕೆಯ ಗಂಟೆಗಳು. ಟೈಪ್ 1 ಮಧುಮೇಹದಲ್ಲಿ ಮೊದಲನೆಯ ಕಾವಲು ಇಲ್ಲವೇ ಇಲ್ಲ, ಏಕೆಂದರೆ ಇನ್ಸುಲಿನ್ ಹೊರಗಿನದು. ರೋಗ ಬಂದ ಕೆಲವೇ ವರ್ಷಗಳಲ್ಲಿ ಎರಡನೆಯ ಕಾವಲಾದ ಗ್ಲುಕಗಾನ್ ಕೂಡ ಸಕ್ಕರೆಯ ಇಳಿತಕ್ಕೆ ಸ್ಪಂದಿಸುವುದನ್ನು ಬಹುಮಟ್ಟಿಗೆ ನಿಲ್ಲಿಸಿಬಿಡುತ್ತದೆ. ಉಳಿಯುವುದು ಅಡ್ರಿನಲಿನ್ ಒಂದೇ.

ಸಕ್ಕರೆ ಮೇಲಿಂದ ಮೇಲೆ ಇಳಿಯುತ್ತಿದ್ದರೆ ಆ ಕೊನೆಯ ಕಾವಲುಗಾರನೂ ಜಡವಾಗುತ್ತಾನೆ. ಮೊದಲು 65ರಲ್ಲಿ ಬಾರಿಸುತ್ತಿದ್ದ ಗಂಟೆ 55ಕ್ಕೆ, ಬಳಿಕ 45ಕ್ಕೆ ಜಾರಿತೆಂದು ಭಾವಿಸೋಣ. ಬುದ್ಧಿ ಮಂಕಾಗುವುದು 50ರ ಹತ್ತಿರ. ಅಂದಮೇಲೆ ಗಂಟೆ ಬಾರಿಸುವ ಹೊತ್ತಿಗೆ ಅದನ್ನು ಕೇಳಿಸಿಕೊಳ್ಳಬೇಕಾದ ಬುದ್ಧಿಯೇ ಎಚ್ಚರದಲ್ಲಿರುವುದಿಲ್ಲ. ಅಮೆರಿಕದ ವೈದ್ಯವಿಜ್ಞಾನಿ ಫಿಲಿಪ್ ಕ್ರೈಯರ್ ಮತ್ತು ಅವರ ಸಂಗಡಿಗರು 1990ರ ದಶಕದ ಆರಂಭದಲ್ಲಿ ಈ ವಿಷಚಕ್ರವನ್ನು ಸ್ಪಷ್ಟವಾಗಿ ವಿವರಿಸಿದರು. ಇಂದಿನ ಇಳಿತವು ನಾಳಿನ ಎಚ್ಚರಿಕೆಯನ್ನು ಮಂಕುಗೊಳಿಸುತ್ತದೆ, ಮಂಕಾದ ಎಚ್ಚರಿಕೆಯು ಮತ್ತೊಂದು ಇಳಿತಕ್ಕೆ ಎಡೆಮಾಡುತ್ತದೆ ಎಂಬುದು ಅದರ ತಿರುಳು.

ಇದು ಎಲ್ಲೋ ಒಬ್ಬಿಬ್ಬರ ಪಾಡಲ್ಲ. ಪಾಶ್ಚಾತ್ಯ ದೇಶಗಳ ಅಧ್ಯಯನಗಳ ಪ್ರಕಾರ ಟೈಪ್ 1 ಮಧುಮೇಹವುಳ್ಳ ವಯಸ್ಕರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲೊಬ್ಬರಿಗೆ ಈ ಅರಿವು ಕುಂದಿರುತ್ತದೆ. ಅಂಥವರಲ್ಲಿ ತೀವ್ರ ಇಳಿತದ ಸಂಭವ ಉಳಿದವರಿಗಿಂತ ಸುಮಾರು ಆರು ಪಟ್ಟು ಹೆಚ್ಚು. 1983ರಿಂದ 1993ರವರೆಗೆ ಅಮೆರಿಕ ಮತ್ತು ಕೆನಡಾಗಳಲ್ಲಿ 1441 ಜನರ ಮೇಲೆ ನಡೆದ ಪ್ರಸಿದ್ಧ ಅಧ್ಯಯನವು ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟರೆ ಕಣ್ಣು, ಮೂತ್ರಪಿಂಡ, ನರಗಳು ಉಳಿಯುತ್ತವೆಂದು ಸಿದ್ಧಪಡಿಸಿತು. ಅದೇ ಅಧ್ಯಯನದಲ್ಲಿ ಬಿಗಿ ಹತೋಟಿಯ ಗುಂಪಿನವರಿಗೆ ತೀವ್ರ ಇಳಿತಗಳು ಸುಮಾರು ಮೂರು ಪಟ್ಟು ಹೆಚ್ಚಾಗಿದ್ದವು. ಅಂತಹ ಘಟನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಡೆದದ್ದು ನಿದ್ರೆಯಲ್ಲಿ. ಬಿಗಿ ಹತೋಟಿ ತಪ್ಪೆಂದು ನಾವು ಹೇಳುತ್ತಿಲ್ಲ. ಏರಿಕೆಯ ಭಯದಷ್ಟೇ ಇಳಿತದ ಎಚ್ಚರವೂ ಇರಬೇಕೆನ್ನುತ್ತೇವೆ.

ಇಷ್ಟು ಹೇಳಿ ಅಂಜಿಸುವುದು ನಮ್ಮ ಉದ್ದೇಶವಲ್ಲ. ಕಳೆದುಹೋದ ಈ ಅರಿವು ಬಹುಮಂದಿಗೆ ಮರಳಿ ಬರುತ್ತದೆ ಎಂಬ ಶುಭವಾರ್ತೆಯೂ ಇದೆ. 1993-94ರ ವೇಳೆಗೆ ಇಟಲಿ, ಇಂಗ್ಲೆಂಡ್ ಮತ್ತು ಅಮೆರಿಕಗಳಲ್ಲಿ ಬೇರೆ ಬೇರೆ ತಂಡಗಳು ಒಂದೇ ಸತ್ಯವನ್ನು ಕಂಡುಕೊಂಡವು. ಸಕ್ಕರೆ ಕೆಳಕ್ಕಿಳಿಯದಂತೆ ಕೆಲವು ವಾರಗಳ ಕಾಲ ಶಿಸ್ತಿನಿಂದ ನೋಡಿಕೊಂಡರೆ ನಡುಕ, ಬೆವರು, ಎದೆಬಡಿತಗಳ ಎಚ್ಚರಿಕೆ ಮತ್ತೆ ಕೇಳಿಸತೊಡಗುತ್ತದೆ. ಎರಡು ಮೂರು ವಾರಗಳಲ್ಲಿ ಸುಧಾರಣೆ ಕಾಣಿಸಿಕೊಂಡು, ಮೂರು ತಿಂಗಳಲ್ಲಿ ಬಹುಪಾಲು ಮರಳಬಹುದು. ಹಾರ್ಮೋನುಗಳ ಸ್ಪಂದನ ಪೂರ್ತಿಯಾಗಿ ಹಿಂದಿನಂತಾಗದಿದ್ದರೂ ಲಕ್ಷಣಗಳ ಅರಿವು ಮರಳುವುದೇ ಪ್ರಾಣ ಉಳಿಸಲು ಸಾಕಾಗುತ್ತದೆ. ದುಬಾರಿ ಸಾಧನವಿದ್ದವರಿಗೆ ಮಾತ್ರ ಇದು ಸಾಧ್ಯವೆಂದೂ ಅಲ್ಲ. 2014ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ 96 ಜನರಿಗೆ ಇಳಿತವನ್ನು ತಪ್ಪಿಸುವ ಶಿಕ್ಷಣ ನೀಡಿ 24 ವಾರ ಒತ್ತಾಸೆಯಾಗಿ ನಿಂತಾಗ, ಪಂಪ್ ಬಳಸಿದವರಲ್ಲಿಯೂ ಚುಚ್ಚುಮದ್ದು ಬಳಸಿದವರಲ್ಲಿಯೂ ಅರಿವು ಒಂದೇ ತೆರನಾಗಿ ಸುಧಾರಿಸಿತು. ಹಾಗೆಂದು ಅವರ ಸರಾಸರಿ ಸಕ್ಕರೆ ಕೆಡಲಿಲ್ಲ.

ಹೀಗಿರುವಾಗ ನಮ್ಮಲ್ಲಿ ಜನ ಈ ಅರಿವನ್ನು ಕಳೆದುಕೊಂಡೇ ಬದುಕುತ್ತಿರುವುದೇಕೆ? ನಮ್ಮ ಮನೆಗಳಲ್ಲಿ ಬೇರೂರಿರುವ ಮೂರು ತಪ್ಪು ತಿಳಿವಳಿಕೆಗಳು ಇದಕ್ಕೆ ಹೊಣೆಯೆಂಬುದು ನಮ್ಮ ಅಭಿಪ್ರಾಯ.

ಮೊದಲನೆಯದು, ಕಡಿಮೆ ಅಂಕಿಯೆಂದರೆ ಒಳ್ಳೆಯ ಅಂಕಿ ಎಂಬ ಭಾವನೆ. ಮೀಟರಿನಲ್ಲಿ 58 ಬಂದಾಗ "ನೋಡು, ಎಷ್ಟು ಚೆನ್ನಾಗಿ ಕಂಟ್ರೋಲ್ ಆಗಿದೆ" ಎಂದು ಮೆಚ್ಚುವವರಿದ್ದಾರೆ. "ನನಗೆ 50 ಆದರೂ ಏನೂ ಆಗುವುದಿಲ್ಲ" ಎಂದು ಹೆಮ್ಮೆಪಡುವವರೂ ಇದ್ದಾರೆ. ಅದು ಗಟ್ಟಿತನದ ಲಕ್ಷಣವಲ್ಲ. ಕಾವಲುಗಾರ ನಿದ್ದೆಹೋಗಿರುವುದರ ಲಕ್ಷಣ. ಅಂಥವರು ಆ ಮಾತನ್ನು ನೆರೆಹೊರೆಯವರಿಗೆ ಹೇಳುವ ಬದಲು ತಮ್ಮ ವೈದ್ಯರಿಗೆ ಹೇಳಬೇಕು.

ಎರಡನೆಯದು, ಮುಚ್ಚುಮರೆ. ಮಗಳಿಗೆ ಮಧುಮೇಹವಿದೆಯೆಂದು ತಿಳಿದರೆ ಸಂಬಂಧ ಕೂಡಿಬರದೆಂಬ ಅಂಜಿಕೆಯಿಂದ ಅದನ್ನು ಬೀಗರಿಂದ ಮರೆಮಾಚುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಆ ಹೆಣ್ಣುಮಗಳು ಸ್ನಾನದ ಕೋಣೆಯಲ್ಲಿ ಚುಚ್ಚಿಕೊಂಡು ಬಂದು, ಎಲ್ಲರ ಊಟ ಮುಗಿಯುವವರೆಗೆ ಬಡಿಸುತ್ತ ನಿಲ್ಲುತ್ತಾಳೆ. ಅವಳ ಸಕ್ಕರೆ ಇಳಿಯುತ್ತಿರುವುದು ಅವಳಿಗೂ ಗೊತ್ತಾಗದು, ರೋಗದ ಸುದ್ದಿಯೇ ತಿಳಿಯದ ಅತ್ತೆ ಮಾವಂದಿರಿಗೆ ಗೊತ್ತಾಗುವ ಬಗೆಯಂತೂ ಇಲ್ಲ. ಎಡವಟ್ಟಾಗಿ ಮಾತನಾಡಿದರೆ ಸೊಕ್ಕೆಂದು, ಮಂಕಾಗಿ ಕುಳಿತರೆ ಸೋಮಾರಿತನವೆಂದು ಹೆಸರು ಬರುತ್ತದೆ. ಮುಚ್ಚಿಟ್ಟು ಮಾಡುವ ಮದುವೆಯು ಮಗಳನ್ನು ದಡ ಸೇರಿಸುವುದಿಲ್ಲ. ಆಪತ್ತಿನ ಹೊತ್ತಿನಲ್ಲಿ ಸಕ್ಕರೆ ಕೊಡಬಲ್ಲ ಕೈಗಳಿಂದ ಅವಳನ್ನು ದೂರಮಾಡುತ್ತದೆ. ತಾಯ್ತಂದೆಯರು ಹೇಳುವ ಧೈರ್ಯವನ್ನೂ, ಬೀಗರು ಕೇಳಿ ಒಪ್ಪುವ ದೊಡ್ಡತನವನ್ನೂ ತೋರಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇವೆ.

ಮೂರನೆಯದು, ಊಟದ ಹೊತ್ತನ್ನು ಕುರಿತ ಬಿಗಿ. ಹಲವರು ಬಳಸುವ ಸಾಮಾನ್ಯ ಇನ್ಸುಲಿನ್ನನ್ನು ಊಟಕ್ಕೆ ಸುಮಾರು ಅರ್ಧ ಗಂಟೆ ಮೊದಲು ಹಾಕಿಕೊಳ್ಳಬೇಕಾಗುತ್ತದೆ. ಇನ್ಸುಲಿನ್ ಹಾಕಿಕೊಂಡು ಪೂಜೆಗೆ ಕುಳಿತು, ಪೂಜೆ ಲಂಬಿಸಿ, ಅಷ್ಟರಲ್ಲಿ ಬಂದವರೊಡನೆ ಮಾತು ಬೆಳೆದು ಊಟ ತಡವಾದರೆ ಇಳಿತ ನಿಶ್ಚಿತ. ಲಿಂಗಪೂಜೆಯನ್ನು ಬಿಡಬೇಕೆಂದು ಯಾರೂ ಹೇಳುವುದಿಲ್ಲ. ಪೂಜೆ ಮುಗಿಸಿದ ಬಳಿಕ, ಪ್ರಸಾದದ ಹೊತ್ತು ಖಚಿತವಾದ ಮೇಲೆ ಇನ್ಸುಲಿನ್ ಹಾಕಿಕೊಳ್ಳುವುದು ವಿವೇಕ. ನಡುವೆ ಸಕ್ಕರೆ ಇಳಿದರೆ ಪೂಜೆಯನ್ನು ಅಲ್ಲಿಗೇ ನಿಲ್ಲಿಸಿ ಸಿಹಿ ಸೇವಿಸುವುದರಲ್ಲಿ ದೋಷವೇನೂ ಇಲ್ಲ. ಉಪವಾಸ, ಪಾದಯಾತ್ರೆಗಳ ಸಂಕಲ್ಪ ಮಾಡುವವರು ಮೊದಲು ವೈದ್ಯರೊಡನೆ ಮಾತನಾಡಿ ಇನ್ಸುಲಿನ್ ಪ್ರಮಾಣವನ್ನು ಹೊಂದಿಸಿಕೊಳ್ಳಬೇಕು. ಹಗಲಿನ ದೀರ್ಘ ನಡಿಗೆಯ ಪರಿಣಾಮವಾಗಿ ಅಂದಿನ ರಾತ್ರಿ ನಿದ್ರೆಯಲ್ಲಿಯೂ ಸಕ್ಕರೆ ಇಳಿಯಬಹುದೆಂಬುದು ನೆನಪಿರಲಿ. ಅರಿವು ಕುಂದಿದವರು ಉಪವಾಸವನ್ನು ಕೈಬಿಡುವುದೇ ಲೇಸು.

ಅರಿವು ಕುಂದಿದೆಯೋ ಇಲ್ಲವೋ ಎಂದು ತಿಳಿಯಲು ವೈದ್ಯರು ಬಳಸುವ ಸರಳ ಪ್ರಶ್ನೆಯೊಂದಿದೆ. ನಿಮ್ಮ ಸಕ್ಕರೆ ಇಳಿಯತೊಡಗಿದಾಗ ನಿಮಗೆ ಗೊತ್ತಾಗುತ್ತದೆಯೇ? ಯಾವಾಗಲೂ ಗೊತ್ತಾಗುತ್ತದೆ ಎಂಬುದಕ್ಕೆ 1, ಎಂದೂ ಗೊತ್ತಾಗುವುದಿಲ್ಲ ಎಂಬುದಕ್ಕೆ 7 ಅಂಕ. ನೀವು ಕೊಟ್ಟುಕೊಂಡ ಅಂಕ 4 ಅಥವಾ ಅದಕ್ಕಿಂತ ಹೆಚ್ಚಾದರೆ ಅರಿವು ಕುಂದಿದೆಯೆಂದು ತಿಳಿಯಬೇಕು. ನಿಮಗಿಂತ ಮೊದಲು ಮನೆಯವರೇ ಗುರುತಿಸುತ್ತಿದ್ದರೆ, ಮೀಟರಿನಲ್ಲಿ 54ಕ್ಕಿಂತ ಕಡಿಮೆ ಕಂಡಾಗಲೂ ನಿಮಗೇನೂ ಅನಿಸದಿದ್ದರೆ, ಅದೂ ಸ್ಪಷ್ಟ ಸೂಚನೆಯೇ. ಬಹುಕಾಲ ಇನ್ಸುಲಿನ್ ಬಳಸಿದ ಟೈಪ್ 2 ಮಧುಮೇಹಿಗಳೂ ಈ ಪ್ರಶ್ನೆಯನ್ನು ಕೇಳಿಕೊಳ್ಳುವುದು ಒಳ್ಳೆಯದು.

ಉತ್ತರ ಹೌದೆಂದಾದರೆ ಇನ್ಸುಲಿನ್ ನಿಲ್ಲಿಸಬಾರದು. ಟೈಪ್ 1 ಮಧುಮೇಹದಲ್ಲಿ ಅದನ್ನು ನಿಲ್ಲಿಸುವುದು ಪ್ರಾಣಾಪಾಯ. ವೈದ್ಯರನ್ನು ಕಂಡು, ಕೆಲವು ವಾರಗಳ ಮಟ್ಟಿಗೆ ಗುರಿಯ ಅಂಕಿಯನ್ನು ತುಸು ಮೇಲಕ್ಕೇರಿಸಿಕೊಂಡು, ಇನ್ಸುಲಿನ್ ಪ್ರಮಾಣವನ್ನು ಮರುಹೊಂದಿಸಿಕೊಳ್ಳಬೇಕು. ಊಟಕ್ಕೆ ಮೊದಲು, ಮಲಗುವ ಮುನ್ನ, ವಾಹನ ಏರುವ ಮುನ್ನ, ಹೊಲದ ಕೆಲಸದಂತಹ ಶ್ರಮದ ಬಳಿಕ, ಆಗಾಗ ರಾತ್ರಿ ಎರಡು ಮೂರು ಗಂಟೆಗೆ ಸಕ್ಕರೆ ಪರೀಕ್ಷಿಸಿಕೊಳ್ಳಬೇಕು. ಒಂದೇ ಜಾಗದಲ್ಲಿ ಚುಚ್ಚಿ ಚುಚ್ಚಿ ಗಂಟು ಕಟ್ಟಿದ್ದರೆ ಅಲ್ಲಿಂದ ಇನ್ಸುಲಿನ್ ಅಳತೆ ತಪ್ಪಿ ಹೀರಲ್ಪಡುತ್ತದೆ, ಆದ್ದರಿಂದ ಜಾಗ ಬದಲಿಸುತ್ತಿರಬೇಕು. ಮದ್ಯವು ಯಕೃತ್ತು ಸಕ್ಕರೆ ಬಿಡುವುದನ್ನು ತಡೆಯುವುದರಿಂದ ಅದು ಇವರಿಗೆ ಇಮ್ಮಡಿ ಶತ್ರು.

ಮನೆಯವರ ಕರ್ತವ್ಯ ಇನ್ನೂ ದೊಡ್ಡದು, ಏಕೆಂದರೆ ರೋಗಿಯ ಬುದ್ಧಿ ಮಂಕಾದಾಗ ಮನೆಯವರ ಬುದ್ಧಿಯೇ ಆಸರೆ. ಅಕಾರಣ ಸಿಟ್ಟು, ತೊದಲು, ಶೂನ್ಯದೃಷ್ಟಿ ಕಂಡರೆ ವಾದಕ್ಕಿಳಿಯದೆ ಮೊದಲು ಸಿಹಿ ಕೊಡಿ, ಮೀಟರ್ ಹತ್ತಿರವಿದ್ದರೆ ನೋಡಿ. ಮೂರು ನಾಲ್ಕು ಟೀ ಚಮಚ ಸಕ್ಕರೆ ಅಥವಾ ಗ್ಲುಕೋಸ್ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಸಿ. ಹದಿನೈದು ನಿಮಿಷದ ಬಳಿಕ ಮತ್ತೆ ಪರೀಕ್ಷಿಸಿ, 70ಕ್ಕಿಂತ ಕಡಿಮೆಯೇ ಇದ್ದರೆ ಮತ್ತೊಮ್ಮೆ ಕೊಡಿ. ಚೇತರಿಸಿಕೊಂಡ ಮೇಲೆ ರೊಟ್ಟಿಯೋ ಅನ್ನವೋ ಆಗಲಿ. ಶೇಂಗಾ ಉಂಡೆ, ಹೋಳಿಗೆ, ಚಾಕೊಲೇಟುಗಳಲ್ಲಿನ ಕೊಬ್ಬು ಸಕ್ಕರೆಯನ್ನು ನಿಧಾನಗೊಳಿಸುವುದರಿಂದ ಆ ಗಳಿಗೆಗೆ ಅವು ತಕ್ಕವಲ್ಲ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಕೂಡದು, ಅದು ಶ್ವಾಸನಾಳಕ್ಕೆ ಇಳಿದೀತು. ಮಗ್ಗುಲಿಗೆ ಹೊರಳಿಸಿ ಮಲಗಿಸಿ, ತಡಮಾಡದೆ 108ಕ್ಕೆ ಕರೆಮಾಡಿ. ಮನೆಯವರೇ ಚುಚ್ಚಬಹುದಾದ ಗ್ಲುಕಗಾನ್ ಮದ್ದು ದೊರೆಯುವಂತಿದ್ದರೆ, ಅದನ್ನು ಬಳಸುವುದನ್ನು ವೈದ್ಯರಿಂದ ಮೊದಲೇ ಕಲಿತಿರಿ.

ಮೈಗೆ ಅಂಟಿಸಿಕೊಂಡು ಹಗಲಿರುಳು ಸಕ್ಕರೆಯನ್ನು ಅಳೆದು, ಇಳಿದಾಗ ಸದ್ದು ಮಾಡುವ ಸೆನ್ಸರುಗಳು ಇಂದು ಬಂದಿವೆ. ಅರಿವು ಕುಂದಿದವರಿಗೆ ಅವು ವರದಾನವೇ ಸರಿ. ಆದರೆ ಎರಡು ವಾರಕ್ಕೊಮ್ಮೆ ಹೊಸದನ್ನು ಕೊಳ್ಳುವ ಶಕ್ತಿ ಕೂಲಿ ಮಾಡುವ ಸಂಸಾರಕ್ಕೆ ಎಲ್ಲಿಂದ ಬರಬೇಕು? ಎಷ್ಟೋ ಮನೆಗಳು ಸಾಮಾನ್ಯ ಮೀಟರಿನ ಪಟ್ಟಿಗಳನ್ನೇ ಎಣಿಸಿ ಎಣಿಸಿ ಬಳಸುತ್ತಿವೆ. ಇನ್ಸುಲಿನ್ನಿನಷ್ಟೇ ಪರೀಕ್ಷಾ ಪಟ್ಟಿಗಳೂ ಜೀವಾಧಾರವೆಂದು ಬಗೆದು ಸರ್ಕಾರವು ಟೈಪ್ 1 ಮಧುಮೇಹಿಗಳೆಲ್ಲರಿಗೂ ಅವನ್ನು ಉಚಿತವಾಗಿ ಒದಗಿಸಬೇಕು, ತೀವ್ರ ಇಳಿತಕ್ಕೆ ಒಳಗಾದವರಿಗೆ ಸೆನ್ಸರುಗಳನ್ನೂ ನೀಡಬೇಕು ಎಂಬುದು ನಮ್ಮ ಸ್ಪಷ್ಟ ನಿಲುವು. ಸರ್ಕಾರ ಮಾಡುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಉಳ್ಳ ಭಕ್ತರು ತಮ್ಮ ಊರಿನ ಒಂದು ಮಗುವಿನ ಪಟ್ಟಿಗಳ ಖರ್ಚನ್ನು ಹೊತ್ತರೆ ಅದು ದಾಸೋಹಕ್ಕೆ ಕಡಿಮೆಯಾದ ಸೇವೆಯಲ್ಲ.

ಪ್ರಸಾದನಿಲಯಗಳಲ್ಲಿ, ಶಾಲೆಗಳಲ್ಲಿ ಓದುವ ಮಕ್ಕಳಲ್ಲಿಯೂ ಈ ರೋಗವುಳ್ಳವರಿರುತ್ತಾರೆ. ಅಂತಹ ಮಗುವಿದ್ದರೆ ನಿಲಯದ ಮೇಲ್ವಿಚಾರಕರಿಗೂ ಪಕ್ಕದ ಹಾಸಿಗೆಯ ಗೆಳೆಯನಿಗೂ ವಿಷಯ ತಿಳಿದಿರಬೇಕು. ದಿಂಬಿನ ಬಳಿ ಗ್ಲುಕೋಸ್ ಪೊಟ್ಟಣವಿರಬೇಕು. ಪಾಠದ ನಡುವೆ ತಿನ್ನಲು, ಪರೀಕ್ಷೆಯ ಕೋಣೆಯಲ್ಲಿ ಸಕ್ಕರೆ ನೋಡಿಕೊಳ್ಳಲು ಅವಕಾಶವಿರಬೇಕು. ದಾಸೋಹದಲ್ಲಿ ಸೇವೆಗೆ ನಿಂತವರಲ್ಲಿ ಇನ್ಸುಲಿನ್ ಹಾಕಿಕೊಳ್ಳುವವರಿದ್ದರೆ ಅವರಿಗೆ ಮೊದಲ ಪಂಕ್ತಿಯಲ್ಲಿಯೇ ಎಲೆ ಹಾಕಬೇಕು. ಸೇವೆಗೆ ನಿಂತವರು ಕೊನೆಗೆ ಉಣ್ಣುವುದು ಸುಂದರವಾದ ರೂಢಿ, ಆದರೆ ಈ ಜೀವಗಳಿಗೆ ಅದು ತಕ್ಕ ರೂಢಿಯಲ್ಲ.

ಜಾತ್ರೆಯ ಆ ಯುವಕನನ್ನು ಮುಂದೊಂದು ವರ್ಷ ಮತ್ತೆ ಕಂಡೆವು. ವೈದ್ಯರ ಮಾತಿನಂತೆ ಕೆಲವು ತಿಂಗಳು ಜೋಪಾನವಾಗಿದ್ದುದರಿಂದ ಈಗ ಮತ್ತೆ ಕೈ ನಡುಗುವುದು ತಿಳಿಯುತ್ತಿದೆ ಎಂದು ನಗುತ್ತ ಹೇಳಿದ. ಕೈ ನಡುಗಿತೆಂದು ಸಂತೋಷಪಡುವುದು ಕೇಳಲು ವಿಚಿತ್ರ. ಅವನ ತಾಯಿಗೆ ಮಾತ್ರ ಅದು ನೆಮ್ಮದಿಯ ನಿದ್ರೆ. ಅವನ ಅಂಗಿಯ ಜೇಬಿನಲ್ಲಿ ಗ್ಲುಕೋಸ್ ಪೊಟ್ಟಣವಿತ್ತು, ಜೊತೆಗೆ ಬಡಿಸುತ್ತಿದ್ದ ಇಬ್ಬರು ಗೆಳೆಯರ ಜೇಬಿನಲ್ಲಿಯೂ ಇತ್ತು. ನಮ್ಮ ಪ್ರತಿಯೊಂದು ಊರಿನಲ್ಲಿಯೂ ಇಂತಹ ಗೆಳೆಯರಿರಲಿ ಎಂಬುದು ನಮ್ಮ ಹಾರೈಕೆ. ಮುಂದಿನ ಬಾರಿ ಯಾರಾದರೂ ತೊದಲುತ್ತ ನಿಂತಿದ್ದರೆ, ಕುಡಿದಿದ್ದಾನೆ ಎನ್ನುವ ಮುನ್ನ ಒಂದು ಲೋಟ ಸಕ್ಕರೆ ನೀರನ್ನು ತರೋಣ.